ಈಜಿ-ಇ ನಿಜಕ್ಕೂ ರ‍್ಯಾಪರ್ ಆಗಿದ್ದನಾ, ಇಲ್ಲ ಬರೀ ಮಾಲೀಕನಾ?

ಕಿರಣ್_ವಿಜಯನಗರ:
ಎನ್‌ಡಬ್ಲ್ಯುಎ ಎಂಬ ಅಮೆರಿಕದ ರ‍್ಯಾಪ್ ತಂಡದ ಮಾತು ಬಂದರೆ ಸಾಕು, ಎಲ್ಲರ ಬಾಯಲ್ಲೂ ಡಾ. ಡ್ರೆ, ಐಸ್ ಕ್ಯೂಬ್. ಈಜಿ-ಇ ಹೆಸರು ತೆಗೆದರೆ 'ಅವನಿಗೆ ಒಂದು ಸಾಲು ಬರೆಯೋಕೆ ಬರ್ತಿರಲಿಲ್ಲ, ದುಡ್ಡು ಹಾಕಿದ ಅಷ್ಟೇ' ಅಂತ ತಳ್ಳಿಹಾಕುತ್ತಾರೆ. ನನಗೆ ಇದು ಸರಿ ಕಾಣುತ್ತಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಿಜವಾದ ಹೆಸರು ಎರಿಕ್ ರೈಟ್. ಊರು ಕ್ಯಾಲಿಫೋರ್ನಿಯಾದ ಕಾಂಪ್ಟನ್. ಅಪ್ಪನಿಗೆ ಅಂಚೆ ಇಲಾಖೆಯಲ್ಲಿ ಕೆಲಸ, ಅಮ್ಮನಿಗೆ ಶಾಲೆಯಲ್ಲಿ. ಇವನು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಡ್ರಗ್ಸ್ ಮಾರಲು ಹೋದ. ಅವನೇ ಹೇಳಿಕೊಂಡ ಹಾಗೆ ಆ ದುಡ್ಡಿನಲ್ಲೇ ರೂತ್‌ಲೆಸ್ ರೆಕಾರ್ಡ್ಸ್ ಎಂಬ ಕಂಪನಿ ಶುರು ಮಾಡಿದ. ಎನ್‌ಡಬ್ಲ್ಯುಎ ಕಟ್ಟಿದ. 1995ರ ಮಾರ್ಚ್ 26ರಂದು ಏಡ್ಸ್‌ನಿಂದ ತೀರಿಕೊಂಡ. ಆಗ ವಯಸ್ಸು ಬರೀ 31.

ಇವನು ಇಲ್ಲದೇ ಹೋಗಿದ್ದರೆ ಬೀದಿ, ಗ್ಯಾಂಗು, ಪೊಲೀಸರ ಕಥೆ ಹೇಳುವ ಗ್ಯಾಂಗ್‌ಸ್ಟಾ ರ‍್ಯಾಪ್ ಲಾಸ್ ಏಂಜಲೀಸ್ ದಾಟಿ ಆಚೆ ಬರುತ್ತಿತ್ತಾ? ಬಲ್ಲವರು ಹೇಳಿ.

ಬೀಟ್_ಬಸವ:
ಬೇರೆಯವರು ಬರೆದುಕೊಟ್ಟಿದ್ದನ್ನು ಓದುವವನು ರ‍್ಯಾಪರ್ ಅಲ್ಲ. ಮಾಲೀಕ ಅಂತ ಬೇಕಾದರೆ ಒಪ್ಪುತ್ತೇನೆ.

ಹಳೇ_ಕ್ಯಾಸೆಟ್:
ವಯಸ್ಸು 31 ಅಲ್ಲ, 30. ಹುಟ್ಟಿದ್ದು 1964ರ ಸೆಪ್ಟೆಂಬರ್ 7. ಆಗಿನ ಪೇಪರ್‌ಗಳು 31 ಅಂತ ಬರೆದವು, ಅದೇ ಇವತ್ತಿಗೂ ಓಡಾಡುತ್ತಿದೆ.

ಅರಸೀಕೆರೆ_ಅರುಣ್:
ಬಸವ, ಅಷ್ಟು ಬೇಗ ಬಾಗಿಲು ಹಾಕಬೇಡ ಗುರು. ಮೊದಲ ಹಾಡು ಹೇಗೆ ಹುಟ್ಟಿತು ಅಂತ ನೋಡು.

1987. 'ಬಾಯ್ಸ್ ಇನ್ ದ ಹುಡ್' ಬರೆದದ್ದು ಐಸ್ ಕ್ಯೂಬ್, ಆಗಿನ್ನೂ ಹದಿಹರೆಯದ ಹುಡುಗ. ಬೀಟ್ ಕಟ್ಟಿದ್ದು ಡ್ರೆ. ಹಾಡಬೇಕಾಗಿದ್ದವರು ನ್ಯೂಯಾರ್ಕ್ ಕಡೆಯ ಎಚ್‌ಬಿಒ ಅನ್ನುವ ತಂಡದವರು. ಸಾಹಿತ್ಯ ನೋಡಿದ್ದೇ ತಡ, ಇದೆಲ್ಲ ನಿಮ್ಮ ಪಶ್ಚಿಮ ಕರಾವಳಿಯ ಕಥೆ, ನಮಗೆ ಒಗ್ಗುವುದಿಲ್ಲ ಅಂತ ಎದ್ದು ಹೋದರು. ಸ್ಟುಡಿಯೋಗೆ ದುಡ್ಡು ಕಟ್ಟಿದ್ದವನು ಎರಿಕ್. ಹಾಗಾದರೆ ನೀನೇ ಹಾಡು ಅಂತ ಡ್ರೆ ಗಂಟುಬಿದ್ದ. ಎರಿಕ್ ಅದಕ್ಕೂ ಮುಂಚೆ ರ‍್ಯಾಪ್ ಮಾಡಿದವನೇ ಅಲ್ಲ. ಒಲ್ಲೆ ಒಲ್ಲೆ ಅಂತಲೇ ಮೈಕ್ ಮುಂದೆ ನಿಂತ. ಡ್ರೆ ಒಂದೊಂದೇ ಸಾಲು ಹೇಳಿಸಿ ಹಾಡು ಮುಗಿಸಿದ.

ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ರ‍್ಯಾಪ್ ಮಾಡುವವರು ಬೇಕಾದಷ್ಟು ಜನ ಇದ್ದರು. ಆ ಹಾಡನ್ನು ಬೇರೆ ಯಾರ ದನಿಯಲ್ಲಾದರೂ ಕಲ್ಪಿಸಿಕೊಂಡು ನೋಡು, ಆಗುವುದಿಲ್ಲ.

ದಾವಣಗೆರೆ_ಡಿಜೆ:
ನನ್ನ ಹೊಟ್ಟೆಪಾಡೇ ರೆಕಾರ್ಡಿಂಗ್. ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಅರುಣ್ ಹೇಳಿದ ಕೆಲಸಕ್ಕೆ ನಾವು ಪಂಚ್-ಇನ್ ಅನ್ನುತ್ತೇವೆ. ಈಗ ಕಂಪ್ಯೂಟರ್‌ನಲ್ಲಿ ಸುಲಭ. ಟೇಪ್ ಕಾಲದಲ್ಲಿ ಪ್ರಾಣ ಹೋಗುತ್ತಿತ್ತು. ಟೇಪ್ ಓಡುತ್ತಾ ಇರುತ್ತದೆ, ಹಾಡುವವನ ಕಿವಿಗೆ ಹಿಂದಿನ ಸಾಲು ಬೀಳುತ್ತದೆ. ಅದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಂಜಿನಿಯರ್ ರೆಕಾರ್ಡ್ ಬಟನ್ ಒತ್ತಬೇಕು. ಬೇಗ ಒತ್ತಿದರೆ ಹಿಂದಿನ ಸಾಲಿನ ಬಾಲ ಅಳಿಸಿಹೋಗುತ್ತದೆ. ತಡವಾದರೆ ಹೊಸ ಸಾಲಿನ ತಲೆ ಹೋಗುತ್ತದೆ. ಸರಿ ಬರಲಿಲ್ವಾ, ರಿವೈಂಡ್ ಮಾಡಿ ಮತ್ತೆ. ಒಂದು ಪೂರ್ತಿ ಹಾಡನ್ನು ಹೀಗೆ ತೆಗೆಯಬೇಕೆಂದರೆ ಎಷ್ಟು ತಾಳ್ಮೆ ಬೇಕು ಯೋಚಿಸಿ.

ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇದರ ಗುರುತು ಸಿಗುತ್ತದೆ. ಸಾಮಾನ್ಯವಾಗಿ ನಾಲ್ಕನೇ ಸಾಲಿನ ಹೊತ್ತಿಗೆ ರ‍್ಯಾಪರ್‌ಗೆ ಉಸಿರು ಕಮ್ಮಿಯಾಗುತ್ತದೆ, ದನಿಗೆ ಕಾವೇರುತ್ತದೆ. ಈಜಿಗೆ ಅದು ಆಗುವುದೇ ಇಲ್ಲ. ಪ್ರತಿ ಸಾಲೂ ಹೊಸ ಉಸಿರಿನಲ್ಲಿ, ಒಂದೇ ತಣ್ಣನೆ ದನಿಯಲ್ಲಿ ಶುರು. ಕದ್ದ ಕಾರು, ಗುಂಡು, ಜೈಲು, ಏನೇ ಬರಲಿ ದನಿ ಏರುವುದಿಲ್ಲ. ಸಣ್ಣ ಕೀರಲು ದನಿ, ಸ್ವಲ್ಪ ಮೂಗಿನಲ್ಲಿ. ಅದೇ ಭಯ ಹುಟ್ಟಿಸುವುದು. ಬಾರದ ವಿದ್ಯೆಯಿಂದಲೇ ಒಂದು ಶೈಲಿ ಹುಟ್ಟಿತು. ಆಮೇಲೆ ಅವನು ಕಲಿತ ಅನ್ನುವುದೂ ನಿಜ. 1993ರ ಹಾಡುಗಳನ್ನು ಕೇಳಿ, ಎಷ್ಟು ಸಲೀಸಾಗಿ ಹೋಗುತ್ತಾನೆ.

ಬೀಟ್_ಬಸವ:
ಡಿಜೆ ಅಣ್ಣಾ, ನೀವು ಹೇಳಿದ್ದು ಡ್ರೆಯ ಪ್ರತಿಭೆ. ಬಟನ್ ಒತ್ತಿದವನಿಗೆ ಹೋಗಬೇಕಾದ ಹೆಸರು ಅದು. 1988ರ 'ಈಜಿ ಡಜ್ ಇಟ್' ಆಲ್ಬಮ್ ತೆಗೆದುಕೊಳ್ಳಿ. ಬಹುಪಾಲು ಬರೆದದ್ದು ಅದೇ ತಂಡದ ಎಂಸಿ ರೆನ್, ಡಿಒಸಿ, ಕ್ಯೂಬ್. ಕವರ್ ಮೇಲೆ ಮುಖ ಇವನದು. ರೆನ್‌ನ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು?

ರೇಣುಕಾ_ಮೈಸೂರು:
ಬಸವ ಅವರೇ, ಅಣ್ಣಾವ್ರು ಹಾಡಿದ ಎಷ್ಟೋ ಹಾಡು ಚಿ. ಉದಯಶಂಕರ್ ಬರೆದದ್ದು. ಅದಕ್ಕೇ ರಾಜ್‌ಕುಮಾರ್ ಗಾಯಕರಲ್ಲ ಅನ್ನೋಕಾಗುತ್ತಾ?

ಬೀಟ್_ಬಸವ:
ಮೇಡಂ, ಅದು ಪಾತ್ರದ ಹಾಡು, ಎಲ್ಲರಿಗೂ ಗೊತ್ತು. ತೆರೆಯ ಮೇಲೆ ಉದಯಶಂಕರ್ ಹೆಸರೂ ಬರುತ್ತಿತ್ತು. ರ‍್ಯಾಪ್‌ನಲ್ಲಿ 'ನಾನು' ಅಂದರೆ ನಾನೇ. ನಾನು ಕಂಡದ್ದು, ನಾನು ಮಾಡಿದ್ದು. ಅಲ್ಲಿ ಇನ್ನೊಬ್ಬ ಬರೆದುಕೊಟ್ಟರೆ ಕೇಳುವವನಿಗೆ ಮೋಸ.

ಅರಸೀಕೆರೆ_ಅರುಣ್:
ಕ್ಯೂಬ್ ಬೀದಿಯಲ್ಲಿ ಡ್ರಗ್ಸ್ ಮಾರಿದವನಲ್ಲ. ಆ ಹಾಡು ಬರೆದ ಮೇಲೆ ಅರಿಜೋನಾಕ್ಕೆ ಹೋಗಿ ಕಟ್ಟಡದ ನಕ್ಷೆ ಬರೆಯುವ ಕೋರ್ಸ್ ಮಾಡಿ ಬಂದವನು. ಅವನು ಬರೆದದ್ದರ ಹಿಂದೆ ಎರಿಕ್‌ನಂಥವರ ಬದುಕಿತ್ತು. ಹಾಗಾದರೆ ಆ ಹಾಡಿನಲ್ಲಿ 'ನಾನು' ಯಾರು? ನನ್ನ ಪ್ರಕಾರ ಕ್ಯೂಬ್ ಹಾಡಿದ್ದರೇ ಜಾಸ್ತಿ ಮೋಸ ಆಗುತ್ತಿತ್ತು.

ಟೊರೆನ್ಸ್_ಕನ್ನಡಿಗ:
ನಾನಿರುವುದು ಕಾಂಪ್ಟನ್ ಪಕ್ಕದಲ್ಲೇ. ಒಂದೆರಡು ಮಾತು.

ಕಾಂಪ್ಟನ್ ಅಂದರೆ ಲಾಸ್ ಏಂಜಲೀಸ್‌ನ ಒಂದು ಏರಿಯಾ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಬೇರೆಯೇ ನಗರ. ಅದಕ್ಕೇ ಒಬ್ಬ ಮೇಯರ್, ಆ ಕಾಲದಲ್ಲಿ ಅದಕ್ಕೇ ಒಂದು ಪೊಲೀಸ್ ಇಲಾಖೆ. ಹೋಗಿ ನೋಡಿದರೆ ಬಹುಮಹಡಿ ಕಟ್ಟಡಗಳ ಕೊಳೆಗೇರಿ ಅಲ್ಲ. ಒಂದಂತಸ್ತಿನ ಮನೆಗಳು, ಮುಂದೆ ಪುಟ್ಟ ಹುಲ್ಲು, ಅಗಲವಾದ ರಸ್ತೆ. ಕಪ್ಪು ಕುಟುಂಬಗಳು ಕಷ್ಟಪಟ್ಟು ಮನೆ ಕೊಂಡು ನೆಲೆಸಿದ ಊರು. ಎರಿಕ್‌ನ ಅಪ್ಪ ಅಮ್ಮನಂಥವರ ಊರು.

ಕೆಟ್ಟಿದ್ದು ಆಮೇಲೆ. ಪಕ್ಕದ ಸೌತ್ ಗೇಟ್‌ನಲ್ಲಿ ಫೈರ್‌ಸ್ಟೋನ್ ಟೈರ್ ಫ್ಯಾಕ್ಟರಿ 1980ರಲ್ಲಿ ಮುಚ್ಚಿತು, ಜನರಲ್ ಮೋಟಾರ್ಸ್ ಫ್ಯಾಕ್ಟರಿ 1982ರಲ್ಲಿ. ಓದು ಹತ್ತದ ಹುಡುಗರಿಗೂ ಒಳ್ಳೆ ಸಂಬಳ ಕೊಡುತ್ತಿದ್ದ ಕೆಲಸಗಳು ಅವು. ಆ ಜಾಗಕ್ಕೆ ಕ್ರ್ಯಾಕ್ ಕೊಕೇನ್ ಬಂತು. ಲಾಸ್ ಏಂಜಲೀಸ್ ಪೊಲೀಸರು ಶಸ್ತ್ರಸಜ್ಜಿತ ವಾಹನದ ಮೂತಿಗೆ ಉಕ್ಕಿನ ಕಂಬ ಕಟ್ಟಿ ಮನೆ ಗೋಡೆ ಒಡೆದು ನುಗ್ಗುತ್ತಿದ್ದರು. 1988ರಲ್ಲಿ ಒಂದೇ ವಾರಾಂತ್ಯದಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಹಿಡಿದು ತುಂಬಿದರು, ಬಹಳಷ್ಟು ಜನರ ಮೇಲೆ ಕೇಸೇ ನಿಲ್ಲಲಿಲ್ಲ. ಪೊಲೀಸರನ್ನು ಬೈದು ಹಾಡು ಬಂತು ಅಂದರೆ ಸುಮ್ನೆ ಬರಲಿಲ್ಲ.

ಅಂದ ಹಾಗೆ 'ಸ್ಟ್ರೇಟ್ ಔಟಾ ಕಾಂಪ್ಟನ್' ಆಲ್ಬಮ್ ರೆಕಾರ್ಡ್ ಆಗಿದ್ದು ಕಾಂಪ್ಟನ್‌ನಲ್ಲಲ್ಲ, ನಮ್ಮ ಟೊರೆನ್ಸ್‌ನ ಆಡಿಯೋ ಅಚೀವ್‌ಮೆಂಟ್ಸ್ ಸ್ಟುಡಿಯೋದಲ್ಲಿ.

ಹಳೇ_ಕ್ಯಾಸೆಟ್:
ಒಂದು ಸೇರಿಸುತ್ತೇನೆ. ಗ್ಯಾಂಗ್‌ಸ್ಟಾ ರ‍್ಯಾಪ್ ಈಜಿಯಿಂದಲೇ ಶುರುವಾಯಿತು ಅನ್ನುವ ಹಾಗೆ ಮಾತು ಹೋಗುತ್ತಿದೆ. ಅದು ಸರಿಯಲ್ಲ. ಫಿಲಡೆಲ್ಫಿಯಾದ ಸ್ಕೂಲಿ ಡಿ 1985ರಲ್ಲೇ ಗ್ಯಾಂಗ್ ಬಗ್ಗೆ ಹಾಡಿದ್ದ. ಐಸ್-ಟಿ 1986ರಲ್ಲಿ. ಆ ಕಂಬ ಕಟ್ಟಿದ ವಾಹನದ ಮೇಲೇ ಟಾಡಿ ಟೀ ಅನ್ನುವ ಕಾಂಪ್ಟನ್ ಹುಡುಗ 1985ರಲ್ಲಿ ಹಾಡು ಮಾಡಿ, ಕ್ಯಾಸೆಟ್ ಊರೆಲ್ಲ ಹರಡಿತ್ತು.

ಕಿರಣ್_ವಿಜಯನಗರ:
ಹಾಗಾದರೆ ಈಜಿ ಮಾಡಿದ್ದು ಅಂತ ಏನು ಉಳಿಯಿತು?

ಲೆಕ್ಕದ_ಲೋಕೇಶ:
ಕಿರಣ್, ಉಳಿದದ್ದೇ ದೊಡ್ಡದು. ಅವನು ಮಾಡಿದ್ದು ಕಂಪನಿ.

ಆಗ ಲಾಸ್ ಏಂಜಲೀಸ್‌ನಲ್ಲಿ ರ‍್ಯಾಪ್ ಮಾಡುವ ಹುಡುಗರೆಲ್ಲ ಹಾಲಿವುಡ್‌ನ ಮಕೋಲಾ ಅನ್ನುವ ಕಂಪನಿಗೆ ಹೋಗಿ ರೆಕಾರ್ಡ್ ಒತ್ತಿಸುತ್ತಿದ್ದರು. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಒತ್ತಿಕೊಡುತ್ತಿತ್ತು. ಎರಿಕ್ ಆ ರೆಕಾರ್ಡ್‌ಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಅಂಗಡಿ ಅಂಗಡಿಗೆ, ಸಂತೆಗೆ ಹೊತ್ತು ಮಾರಿದ. ಆಮೇಲೆ ಜೆರ್ರಿ ಹೆಲರ್ ಎಂಬ ಹಳೇ ಮ್ಯಾನೇಜರ್ ಹತ್ತಿರ ಪರಿಚಯ ಮಾಡಿಸಲು, ಡ್ರೆ ಮುಂಚೆ ಇದ್ದ ತಂಡದ ಮುಖ್ಯಸ್ಥ ಅಲೊಂಜೊ ವಿಲಿಯಮ್ಸ್‌ಗೆ 750 ಡಾಲರ್ ಕೊಟ್ಟ. ಹೆಲರ್ ಹಿಂದೆ ಎಲ್ಟನ್ ಜಾನ್, ಪಿಂಕ್ ಫ್ಲಾಯ್ಡ್ ಅವರ ಅಮೆರಿಕ ಪ್ರವಾಸ ನೋಡಿಕೊಂಡವನು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಪರಿಚಯಕ್ಕೂ ದುಡ್ಡು ಕೊಟ್ಟು ಒಳಗೆ ಹೋಗುತ್ತಾನೆ ಅಂದರೆ, ತನಗೆ ಏನು ಬೇಕು ಅಂತ ಪಕ್ಕಾ ಗೊತ್ತಿದ್ದವನು.

ಮುಖ್ಯ ವಿಷಯ: ಅವನು ದೊಡ್ಡ ಕಂಪನಿಗೆ ಕಲಾವಿದನಾಗಿ ಸಹಿ ಹಾಕಲಿಲ್ಲ. ಲೇಬಲ್ ತನ್ನದೇ ಇಟ್ಟುಕೊಂಡು, ಹಂಚಿಕೆಗೆ ಮಾತ್ರ ಬೇರೆಯವರ ಜೊತೆ ಒಪ್ಪಂದ ಮಾಡಿಕೊಂಡ. ಎನ್‌ಡಬ್ಲ್ಯುಎ ಪ್ರಯಾರಿಟಿ ರೆಕಾರ್ಡ್ಸ್ ಮೂಲಕ ಹೋಯಿತು. ಆ ಪ್ರಯಾರಿಟಿಗೆ ಅಲ್ಲಿವರೆಗೆ ಹೆಸರು ತಂದಿದ್ದು ಒಣದ್ರಾಕ್ಷಿ ಜಾಹೀರಾತಿನ ಗೊಂಬೆಗಳ ಹಾಡು! ಬೇರೆ ಕಲಾವಿದರನ್ನು ಅಟ್ಲಾಂಟಿಕ್ ಕಡೆಯಿಂದ ಬಿಟ್ಟ. ಒಬ್ಬರ ಕೈಗೇ ಎಲ್ಲ ಕೊಡಲಿಲ್ಲ. ಕಪ್ಪು ಹುಡುಗನೊಬ್ಬ ತನ್ನ ಮಾಸ್ಟರ್ ಟೇಪ್, ಅಂದರೆ ಹಾಡಿನ ಮೂಲ ರೆಕಾರ್ಡಿಂಗ್, ತನ್ನ ಹತ್ತಿರವೇ ಇಟ್ಟುಕೊಳ್ಳುವುದು ಆಗ ತುಂಬ ಅಪರೂಪ. ಮಾಲೀಕ ಅನ್ನುವ ಪದವನ್ನು ಬಸವ ಬೈಗುಳದ ಹಾಗೆ ಬಳಸುತ್ತಿದ್ದಾರೆ. ಆ ಜನರ ಸಂಗೀತದ ಇತಿಹಾಸ ಗೊತ್ತಿದ್ದರೆ ಹಾಗೆ ಅನ್ನಲಾಗುವುದಿಲ್ಲ. ಹಾಡಿದವರೆಲ್ಲ ಬರಿಗೈಯಲ್ಲಿ ಹೋದರು, ಲೇಬಲ್‌ನವರು ಬಂಗಲೆ ಕಟ್ಟಿದರು.

ಶಾಲಿನಿ_ಎಸ್:
ಲೋಕೇಶ್ ಅವರೇ, ಆ ಕಂಪನಿಗೆ ಮೊದಮೊದಲು ದುಡ್ಡು ತಂದವರು ಯಾರು ಅಂತಲೂ ಹೇಳಿ. ಜೆಜೆ ಫ್ಯಾಡ್. ಮೂವರು ಹುಡುಗಿಯರು. ಅವರ 'ಸೂಪರ್‌ಸಾನಿಕ್' 1988ರಲ್ಲಿ ದೇಶವೆಲ್ಲ ಓಡಿತು. ರ‍್ಯಾಪ್‌ಗೆ ಮೊದಲ ಸಲ ಗ್ರ್ಯಾಮಿ ಪ್ರಶಸ್ತಿ ಇಟ್ಟಾಗ ನಾಮನಿರ್ದೇಶನ ಆದವರಲ್ಲಿ ಅವರೂ ಇದ್ದರು. ರೇಡಿಯೋದಲ್ಲಿ ಹಾಕಬಹುದಾದ, ಬೈಗುಳ ಇಲ್ಲದ ಹಾಡು. ಅವರಿಂದ ಬಾಗಿಲು ತೆರೆಯಿತು, ಎನ್‌ಡಬ್ಲ್ಯುಎ ಒಳಗೆ ಬಂತು. ಈ ತಂಡದ ಮೇಲೆ ಬಂದ 2015ರ 'ಸ್ಟ್ರೇಟ್ ಔಟಾ ಕಾಂಪ್ಟನ್' ಸಿನಿಮಾದಲ್ಲಿ ಅವರ ಕಥೆಗೆ ಜಾಗವೇ ಸಿಗಲಿಲ್ಲ.

ಇನ್ನೊಂದು. ಈ ಇಡೀ ಚರ್ಚೆಯಲ್ಲಿ ಇಲ್ಲಿವರೆಗೆ ಒಬ್ಬರೂ ಆ ಹಾಡುಗಳಲ್ಲಿ ಹೆಂಗಸರ ಬಗ್ಗೆ ಏನಿದೆ ಅಂತ ಎತ್ತಲಿಲ್ಲ. ಪೊಲೀಸರ ಬಗ್ಗೆ ಹಾಡಿದ್ದಕ್ಕೆ ಕಾರಣ ಇತ್ತು, ಫ್ಯಾಕ್ಟರಿ ಮುಚ್ಚಿತ್ತು, ಒಪ್ಪುತ್ತೇನೆ. ಹೆಣ್ಣುಮಕ್ಕಳು ಏನು ಮಾಡಿದ್ದರು? ಅದು ಬರೀ ಹಾಡಿನಲ್ಲೇ ಇರಲಿಲ್ಲ. 1991ರ ಜನವರಿಯಲ್ಲಿ ಡೀ ಬಾರ್ನ್ಸ್ ಎಂಬ ಟಿವಿ ನಿರೂಪಕಿಯನ್ನು ಡ್ರೆ ಪಾರ್ಟಿಯೊಂದರಲ್ಲಿ ಹೊಡೆದ. ಕೋರ್ಟಿನಲ್ಲಿ ತಪ್ಪಿಗೆ ದಂಡ ಬಿತ್ತು. ಸಿನಿಮಾದಲ್ಲಿ ಅದೂ ಇಲ್ಲ. ಸಿನಿಮಾ ಬಂದು ಗಲಾಟೆ ಆದ ಮೇಲೆ, ನನ್ನಿಂದ ನೋವಾದ ಹೆಂಗಸರ ಕ್ಷಮೆ ಕೇಳುತ್ತೇನೆ ಅಂತ ಡ್ರೆ ಹೇಳಿಕೆ ಕೊಟ್ಟ.

ಗಲ್ಲಿ_ಗಿರಿ:
ಮೇಡಂ, ಅದು ಡ್ರೆ ಮಾಡಿದ್ದು. ಈಜಿ ಮಾಡಿದ್ದಲ್ಲ.

ಶಾಲಿನಿ_ಎಸ್:
ಹೊಡೆದದ್ದು ಡ್ರೆ. ಆ ಮಾತುಗಳನ್ನು ರೆಕಾರ್ಡ್ ಮಾಡಿ ಮಾರಿದ ಕಂಪನಿ ಯಾರದು? ಮಾಲೀಕ ಅಂತ ಹೊಗಳುವಾಗ ಲಾಭದ ಜೊತೆ ಇದನ್ನೂ ಅವನ ಲೆಕ್ಕಕ್ಕೇ ಬರೆಯಬೇಕು ಅಲ್ವಾ?

ರೇಣುಕಾ_ಮೈಸೂರು:
ಶಾಲಿನಿ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆ ಆಲ್ಬಮ್ ನನಗೆ ಇಷ್ಟ, ಆದರೂ ಕೆಲವು ಹಾಡು ಬಂದರೆ ಮುಂದಕ್ಕೆ ಓಡಿಸುತ್ತೇನೆ.

ಹುಬ್ಬಳ್ಳಿ_ಹುಲಿ:
ಎಫ್‌ಬಿಐ ಪತ್ರದ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ ರೀ! 1989ರ ಆಗಸ್ಟ್ 1ರಂದು ಎಫ್‌ಬಿಐನ ಸಹಾಯಕ ನಿರ್ದೇಶಕ ಮಿಲ್ಟ್ ಅಲೆರಿಚ್ ಪ್ರಯಾರಿಟಿ ಕಂಪನಿಗೆ ಪತ್ರ ಬರೆದ. ಪೊಲೀಸರನ್ನು ಬೈದ ಆ ಎನ್‌ಡಬ್ಲ್ಯುಎ ಹಾಡು ಅವರ ಮೇಲೆ ಹಿಂಸೆಗೆ ಪ್ರಚೋದನೆ ಕೊಡುತ್ತದೆ, 1988ರಲ್ಲಿ 78 ಪೊಲೀಸರು ಕರ್ತವ್ಯದಲ್ಲಿ ಸತ್ತಿದ್ದಾರೆ ಅಂತ. ಹಾಡಿನ ಹೆಸರನ್ನು ಮಾತ್ರ ಎಲ್ಲೂ ಹಾಕಲಿಲ್ಲ. ನಿಷೇಧ ಏನೂ ಇಲ್ಲ, ಆದರೆ ಹೆದರಿಸಿದ ಹಾಗೆ. ಡೆಟ್ರಾಯಿಟ್‌ನಲ್ಲಿ ಆ ಹಾಡು ಶುರು ಮಾಡಿದ್ದೇ ಪೊಲೀಸರು ವೇದಿಕೆ ಕಡೆ ನುಗ್ಗಿದರು.

ಆಗಿದ್ದೇನು? ರೇಡಿಯೋದವರು ಹಾಕಲಿಲ್ಲ, ಎಂಟಿವಿ ವಿಡಿಯೋ ನಿಲ್ಲಿಸಿತು, ಆದರೂ ಆಲ್ಬಮ್ ಹತ್ತು ಲಕ್ಷ ದಾಟಿತು. ಆ ಪತ್ರ ಈಗ ಕ್ಲೀವ್‌ಲ್ಯಾಂಡ್‌ನ ರಾಕ್ ಅಂಡ್ ರೋಲ್ ಮ್ಯೂಸಿಯಂನಲ್ಲಿ ಕೂತಿದೆ. 2016ರಲ್ಲಿ ಎನ್‌ಡಬ್ಲ್ಯುಎ ತಂಡವನ್ನೂ ಅಲ್ಲಿಗೆ ಸೇರಿಸಿದರು. ಆ ದಿನ ಭಾಷಣ ಮಾಡಿ ಬರಮಾಡಿಕೊಂಡವನು ಕಾಂಪ್ಟನ್‌ನವನೇ ಆದ ಕೆಂಡ್ರಿಕ್ ಲಮಾರ್.

ಅರಸೀಕೆರೆ_ಅರುಣ್:
ಇದೇ ಈಜಿ 1991ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ದೇಣಿಗೆ ಕೊಟ್ಟು, ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಬುಷ್ ಭಾಗವಹಿಸಿದ ಊಟಕ್ಕೆ ಹೋಗಿ ಕೂತ. ಎಫ್‌ಬಿಐ ಕಡೆಯಿಂದ ಬೈಸಿಕೊಂಡವನನ್ನೇ ಆ ಪಕ್ಷದವರು 'ಶ್ರೀ ಎರಿಕ್ ರೈಟ್' ಅಂತ ಕಾಗದ ಹಾಕಿ ಕರೆದಿದ್ದರು. ಅವರಿಗೆ ಯಾರು ಅಂತ ಗೊತ್ತಿರಲಿಲ್ಲ. ಮರುದಿನ ಎಲ್ಲ ಪೇಪರ್‌ನಲ್ಲೂ ಅದೇ ಸುದ್ದಿ. ಪ್ರಚಾರಕ್ಕೆ ಅವನಷ್ಟು ತಲೆ ಓಡಿಸಿದವರು ಆ ತಂಡದಲ್ಲಿ ಬೇರೆ ಇರಲಿಲ್ಲ.

ಬೀಟ್_ಬಸವ:
1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದ ಕೇಸಿನ ಎರಡನೇ ವಿಚಾರಣೆಯಲ್ಲಿ ಆರೋಪಿ ಪೊಲೀಸರಲ್ಲಿ ಒಬ್ಬನ ಪರ ನಿಂತದ್ದನ್ನೂ ಬರೆಯಿರಿ. ಪೊಲೀಸರನ್ನು ಬೈದು ದುಡ್ಡು ಮಾಡಿ, ಆಮೇಲೆ ಅದೇ ಪೊಲೀಸರ ಪಕ್ಕ ಹೋಗಿ ಕೂತ. ಬೇರೆ ರ‍್ಯಾಪರ್‌ಗಳೇ ಉಗಿದರು.

ಅರಸೀಕೆರೆ_ಅರುಣ್:
ಪೂರ್ತಿ ಹೇಳು ಬಸವ. ಅವನು ನಿಂತದ್ದು ಬ್ರಿಸೆನೋ ಪರ. ಹೊಡೆಯುವಾಗ ಒಮ್ಮೆ ತಡೆಯಲು ಕೈ ಹಾಕಿದ, ಆಮೇಲೆ ಮೊದಲ ವಿಚಾರಣೆಯಲ್ಲಿ ತನ್ನ ಜೊತೆಯವರ ವಿರುದ್ಧವೇ ಸಾಕ್ಷಿ ಹೇಳಿದ ಪೊಲೀಸ್ ಅವನು.

ಬೀಟ್_ಬಸವ:
ತುಳಿದವನೂ ಅವನೇ. ವಿಡಿಯೋ ಇದೆ.

ಕಿರಣ್_ವಿಜಯನಗರ:
ರಾಡ್ನಿ ಕಿಂಗ್ ವಿಷಯ ಬೇರೆಯೇ ಚರ್ಚೆ ಆಗುತ್ತದೆ, ಇಬ್ಬರೂ ಇಲ್ಲಿಗೆ ಬಿಡಿ. ಲೋಕೇಶ್, ಡ್ರೆ ಮತ್ತು ಕ್ಯೂಬ್ ಬಿಟ್ಟು ಹೋಗಿದ್ದು ದುಡ್ಡಿನ ವಿಷಯಕ್ಕೇ ತಾನೇ?

ಲೆಕ್ಕದ_ಲೋಕೇಶ:
ದುಡ್ಡಿಗೇ. ಹಾಡಿನ ವಿಷಯದಲ್ಲಿ ಜಗಳ ಇರಲಿಲ್ಲ.

ಹೆಲರ್ ಇತ್ತ ತಂಡದ ಮ್ಯಾನೇಜರ್, ಅತ್ತ ಎರಿಕ್ ಜೊತೆ ಕಂಪನಿ ನಡೆಸುವವನು. ಎರಡೂ ಕಡೆ ಒಬ್ಬನೇ. ಕಾಂಟ್ರ್ಯಾಕ್ಟ್‌ನಲ್ಲಿ ಕಂಪನಿಗೆ ಲಾಭವಾದರೆ ಹುಡುಗರಿಗೆ ನಷ್ಟ, ಹುಡುಗರಿಗೆ ಲಾಭವಾದರೆ ಕಂಪನಿಗೆ ನಷ್ಟ. ಒಬ್ಬ ಮನುಷ್ಯ ಇಬ್ಬರ ಪರವೂ ಹೇಗೆ ಮಾತಾಡುತ್ತಾನೆ? ಕ್ಯೂಬ್‌ಗೆ ಇದು ಬೇಗ ಹೊಳೆಯಿತು. ಅವರು ಕೊಟ್ಟ ಕಾಗದಕ್ಕೆ ಸಹಿ ಹಾಕದೆ 1989ರ ಕೊನೆಯಲ್ಲಿ ಹೊರಟ. 1991ರಲ್ಲಿ ತಂಡದ ಮೇಲೆ ಉಗಿದು ಒಂದು ಹಾಡು ಬಿಟ್ಟ. ಅದರಲ್ಲಿ ಹೆಲರ್‌ನ ಯಹೂದಿ ಧರ್ಮವನ್ನೂ ಎಳೆದ, ಅದು ಹೊಲಸು. ಆದರೆ ದುಡ್ಡಿನ ಮಾತು ಸುಳ್ಳಾಗಿರಲಿಲ್ಲ, ಯಾಕೆಂದರೆ ಅದೇ ವರ್ಷ ಡ್ರೆ ಕೂಡ ಅದೇ ಮಾತು ಹೇಳಿ ಹೊರಟ.

ಡ್ರೆಯನ್ನು ಬಿಡಿಸಿಕೊಂಡು ಹೋದವನು ಶುಗ್ ನೈಟ್, ಡೆತ್ ರೋ ಎಂಬ ಹೊಸ ಕಂಪನಿಯವನು. ಬೇಸ್‌ಬಾಲ್ ಬ್ಯಾಟು, ಪೈಪು ಹಿಡಿದವರನ್ನು ನಿಲ್ಲಿಸಿ ನನ್ನಿಂದ ಸಹಿ ಹಾಕಿಸಿಕೊಂಡರು ಅಂತ ಎರಿಕ್ ಕೋರ್ಟಿಗೆ ಹೋದ. ಕೇಸು ಗೆಲ್ಲಲಿಲ್ಲ. ಆದರೆ ಡ್ರೆ ಕಾಂಟ್ರ್ಯಾಕ್ಟ್ ಇನ್ನೂ ಇವನ ಹತ್ತಿರವೇ ಇದ್ದದ್ದರಿಂದ ಆ ಕಡೆಯವರು ರಾಜಿ ಮಾಡಿಕೊಂಡು ಪಾಲು ಕೊಡಬೇಕಾಯಿತು. 1992ರ ಡಿಸೆಂಬರ್‌ನಲ್ಲಿ ಡ್ರೆ 'ದ ಕ್ರಾನಿಕ್' ಬಿಟ್ಟು ಈಜಿಯನ್ನು ಗೇಲಿ ಮಾಡಿದ. ಆ ಗೇಲಿ ಮಾರಾಟವಾದಷ್ಟೂ ಈಜಿಗೆ ದುಡ್ಡು ಬಂತು. 1993ರಲ್ಲಿ ಇವನೂ ತಿರುಗಿಸಿ ಕೊಟ್ಟ. ಡ್ರೆ ಎನ್‌ಡಬ್ಲ್ಯುಎಗೂ ಮುಂಚಿನ ತಂಡದಲ್ಲಿ ಮಿಣಮಿಣ ಬಟ್ಟೆ ಹಾಕಿಕೊಂಡು ನಿಂತಿದ್ದ ಫೋಟೋ ಹುಡುಕಿ ಆಲ್ಬಮ್ ಜೊತೆ ಹಾಕಿದ.

ನನ್ನ ಬೇಜಾರು ಏನೆಂದರೆ, ತನ್ನ ದುಡಿಮೆ ತನ್ನ ಕೈಯಲ್ಲೇ ಇರಬೇಕು ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವನು, ಜೊತೆಯ ಹುಡುಗರಿಗೆ ಅದೇ ನ್ಯಾಯ ಕೊಡಲಿಲ್ಲ. ಕೊಟ್ಟಿದ್ದರೆ ಆ ಐವರು ಇನ್ನೂ ಏನೇನು ಮಾಡುತ್ತಿದ್ದರೋ.

ಹಳೇ_ಕ್ಯಾಸೆಟ್:
ಕ್ಯೂಬ್ ಇಲ್ಲದೆಯೂ ತಂಡದ 1991ರ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು ನೋಡಿ. ಅದಕ್ಕೆ ಸ್ವಲ್ಪ ಮುಂಚೆ ಪಟ್ಟಿ ಮಾಡುವ ರೀತಿ ಬದಲಾಗಿತ್ತು. ಅಲ್ಲಿವರೆಗೆ ಅಂಗಡಿಯವರಿಗೆ ಫೋನ್ ಮಾಡಿ ಏನು ಚೆನ್ನಾಗಿ ಹೋಗುತ್ತಿದೆ ಅಂತ ಕೇಳುತ್ತಿದ್ದರು. ಅವರು ಹೇಳಿದ್ದೇ ಲೆಕ್ಕ. ಬಾರ್‌ಕೋಡ್ ಎಣಿಸುವ ಪದ್ಧತಿ ಬಂದ ಮೇಲೆ ನಿಜವಾಗಿ ಜನ ಏನು ಕೊಳ್ಳುತ್ತಿದ್ದಾರೆ ಅಂತ ಗೊತ್ತಾಯಿತು.

ಗಲ್ಲಿ_ಗಿರಿ:
ಸಾವಿನ ವಿಷಯಕ್ಕೆ ಬರೋಣ. ಇಂಜೆಕ್ಷನ್ ಕೊಟ್ಟು ಸಾಯಿಸಿದರು ಅಂತ ಹೇಳ್ತಾರಲ್ಲ? ಶುಗ್ ನೈಟ್ ಟಿವಿಯಲ್ಲೇ ಅಂಥ ಮಾತು ಆಡಿದ್ದಾನೆ. ಒಂದು ತಿಂಗಳಲ್ಲಿ ಗಟ್ಟಿಮುಟ್ಟಾದ ಮನುಷ್ಯ ಹೋಗಿಬಿಡ್ತಾನಾ?

ಸವಿತಾ_ಲ್ಯಾಬ್:
ಗಿರಿ, ದಯವಿಟ್ಟು ಇದನ್ನು ಹರಡಬೇಡಿ. ನಾನು ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲೇ ಇರುವವಳು, ಈ ಥರದ ಮಾತಿನಿಂದ ಎಷ್ಟು ಕೇಡಾಗುತ್ತದೆ ಅಂತ ದಿನಾ ನೋಡುತ್ತೇನೆ.

ಎಚ್‌ಐವಿ ಮೈಗೆ ಬಂದ ತಕ್ಷಣ ಏಡ್ಸ್ ಆಗುವುದಿಲ್ಲ. ಔಷಧಿ ಇಲ್ಲದಿದ್ದರೂ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಆ ವರ್ಷಗಳಲ್ಲಿ ಮನುಷ್ಯ ಓಡಾಡುತ್ತಾನೆ, ಹಾಡುತ್ತಾನೆ, ನೋಡಲು ಗಟ್ಟಿಮುಟ್ಟಾಗೇ ಇರುತ್ತಾನೆ. ಒಳಗೆ ರೋಗನಿರೋಧಕ ಶಕ್ತಿ ಕುಸಿಯುತ್ತಾ ಇರುತ್ತದೆ. ಒಂದು ದಿನ ನ್ಯುಮೋನಿಯಾ ಬಂದು ಮಲಗಿಸುತ್ತದೆ. ಈಜಿಗೆ ಆಗಿದ್ದು ಅದೇ. 1995ರ ಫೆಬ್ರುವರಿ 24ರಂದು ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನೈ ಆಸ್ಪತ್ರೆಗೆ ಸೇರಿದಾಗ ಆಸ್ತಮಾ ಇರಬೇಕು ಅಂದುಕೊಂಡಿದ್ದ. ಪರೀಕ್ಷೆಯಲ್ಲಿ ಏಡ್ಸ್ ಅಂತ ಬಂತು. ಮಾರ್ಚ್ 16ರಂದು ವಕೀಲರ ಮೂಲಕ ಜಗತ್ತಿಗೇ ಹೇಳಿಸಿದ. ಹತ್ತು ದಿನಕ್ಕೆ ಹೋದ. ಒಂದು ತಿಂಗಳಲ್ಲಿ ಬಂದ ಕಾಯಿಲೆ ಅಲ್ಲ ಅದು, ಒಂದು ತಿಂಗಳಲ್ಲಿ ಗೊತ್ತಾದ ಕಾಯಿಲೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಎಚ್‌ಐವಿಗೆ ಪ್ರೋಟೀಸ್ ಇನ್ಹಿಬಿಟರ್ ಅನ್ನುವ ಹೊಸ ಬಗೆಯ ಪರಿಣಾಮಕಾರಿ ಔಷಧಿಗಳಲ್ಲಿ ಮೊದಲನೆಯದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1995ರ ಡಿಸೆಂಬರ್‌ನಲ್ಲಿ. ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ 1996ರಲ್ಲಿ ಬಂತು. ಮರುವರ್ಷಕ್ಕೆ ಅಲ್ಲಿ ಸಾವು ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಈಜಿ ತೀರಿಕೊಂಡಾಗ 25ರಿಂದ 44 ವಯಸ್ಸಿನ ಅಮೆರಿಕನ್ನರ ಸಾವಿಗೆ ಮೊದಲ ಕಾರಣ ಏಡ್ಸ್. ಮೊದಲೇ ಒಂದು ಪರೀಕ್ಷೆ ಮಾಡಿಸಿಕೊಂಡಿದ್ದರೆ, ಇನ್ನೊಂದು ವರ್ಷ ಎಳೆದಿದ್ದರೆ, ಬಹುಶಃ ಇವತ್ತೂ ಇರುತ್ತಿದ್ದ.

ಟೊರೆನ್ಸ್_ಕನ್ನಡಿಗ:
ಸವಿತಾ ಅವರು ಹೇಳಿದ ಆ ಹೇಳಿಕೆಯನ್ನು ಓದಿದ್ದೇನೆ. ನನಗಾಗಿ ಅಳಬೇಡಿ ಅನ್ನುವ ಧಾಟಿ. ಏಳು ಮಕ್ಕಳು, ಆರು ಜನ ತಾಯಂದಿರು ಅಂತ ತಾನೇ ಬಿಚ್ಚಿ ಹೇಳಿದ. ನನ್ನ ಹುಡುಗರು ಕಾಲ ಮೀರುವ ಮುಂಚೆ ಉಳಿಯಲಿ ಅಂದ. ಆ ಕಾಲದಲ್ಲಿ ಏಡ್ಸ್ ಅಂದರೆ ಸಲಿಂಗಿಗಳ ಕಾಯಿಲೆ ಅಂತಲೇ ಎಲ್ಲರೂ ತಿಳಿದಿದ್ದರು. 1991ರಲ್ಲಿ ಬಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಅಂತ ಹೇಳಿಕೊಂಡಿದ್ದ, ಆದರೂ ರ‍್ಯಾಪ್ ಲೋಕದ ಗಂಡಸರು ಅದು ತಮಗಲ್ಲ ಅಂತಲೇ ಇದ್ದರು. ಗಂಡಸ್ತನ ತೋರಿಸುವುದೇ ವ್ಯಾಪಾರ ಆಗಿದ್ದವನು ಹಾಸಿಗೆಯಲ್ಲಿ ಮಲಗಿ ಇದನ್ನು ಹೇಳಿದ್ದು ಸಣ್ಣ ವಿಷಯ ಅಲ್ಲ. ಸಾಯುವ ಹನ್ನೆರಡು ದಿನ ಮುಂಚೆ ಆಸ್ಪತ್ರೆಯಲ್ಲೇ ಟೊಮಿಕಾ ವುಡ್ಸ್ ಜೊತೆ ಮದುವೆ ಆಯಿತು. ಆಕೆಗೂ ಮಗುವಿಗೂ ಸೋಂಕು ಇರಲಿಲ್ಲ.

ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು. ಚಿನ್ನದ ಬಣ್ಣದ ಶವಪೆಟ್ಟಿಗೆ, ಒಳಗೆ ಫ್ಲ್ಯಾನಲ್ ಅಂಗಿ, ಜೀನ್ಸ್, ಕಾಂಪ್ಟನ್ ಅಂತ ಬರೆದ ಟೋಪಿ. ಹಳೇ ತಂಡದಿಂದ ಬಂದವನು ಡಿಜೆ ಯೆಲ್ಲಾ ಒಬ್ಬನೇ.

ಶಾಲಿನಿ_ಎಸ್:
ಸವಿತಾ, ಟೊರೆನ್ಸ್‌ನವರೇ, ಇಬ್ಬರಿಗೂ ಥ್ಯಾಂಕ್ಸ್. ಈ ವಿಷಯದಲ್ಲಿ ಅವನ ಬಗ್ಗೆ ನನಗೆ ಗೌರವ ಇದೆ. ಆ ಆರು ಜನ ಹೆಂಗಸರು ಆ ಮಾರ್ಚ್ ತಿಂಗಳನ್ನು ಹೇಗೆ ಕಳೆದರು ಅಂತಲೂ ಯೋಚನೆ ಬರುತ್ತದೆ.

ಸವಿತಾ_ಲ್ಯಾಬ್:
ಇಲ್ಲಿ ಓದುತ್ತಿರುವ ಹುಡುಗರಿಗೆ: ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಗುಟ್ಟಾಗಿಡುತ್ತಾರೆ. ಔಷಧಿ 2004ರಿಂದ ನಮ್ಮ ದೇಶದಲ್ಲಿ ಉಚಿತ. ಹೆದರಬೇಡಿ.

ಹುಬ್ಬಳ್ಳಿ_ಹುಲಿ:
ಸಿನಿಮಾ ಬಂದಾಗ ನಮ್ಮ ಹುಡುಗರೆಲ್ಲ ಆ ಕಪ್ಪು ಬಿಳುಪು ಲೋಗೋದಲ್ಲಿ ಕಾಂಪ್ಟನ್ ತೆಗೆದು ಊರ ಹೆಸರು ಹಾಕಿ ಡಿಪಿ ಇಟ್ಟಿದ್ದರು. ಹಾಡು ಕೇಳಿದವರು ಎಷ್ಟು ಮಂದಿಯೋ.

ಗಲ್ಲಿ_ಗಿರಿ:
ಬೆಂಗಳೂರಿನಲ್ಲಿ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಹೆಸರು ಬಂದಿತ್ತು ಮಗಾ. ಬ್ರೋಧ ವಿ ಮತ್ತು ಸ್ಮೋಕಿ ಕಟ್ಟಿದ ತಂಡ ನೆನಪಿದೆಯಾ? ಮಚ್ಚಾಸ್ ವಿತ್ ಆಟಿಟ್ಯೂಡ್! ಎಂಡಬ್ಲ್ಯುಎ. ಕಾಂಪ್ಟನ್ ಹುಡುಗರ '...ವಿತ್ ಆಟಿಟ್ಯೂಡ್ಸ್' ಅನ್ನುವ ಹೆಸರಿಗೆ ನಮ್ಮೂರ ಮಚ್ಚಾ ಸೇರಿಸಿದ್ದು.

ದಾವಣಗೆರೆ_ಡಿಜೆ:
ಗಿರಿ, ಒಳ್ಳೆ ನೆನಪು. ಹೆಸರು ತೆಗೆದುಕೊಂಡರು, ಕಥೆ ತಮ್ಮದೇ ಹೇಳಿದರು. ಈಗ ಕನ್ನಡದಲ್ಲಿ ರ‍್ಯಾಪ್ ಮಾಡುವ ಕೆಲವು ಹುಡುಗರು ಗನ್ನು, ಡಾಲರ್, ಗ್ಯಾಂಗು ಅಂತ ಬರೆದುಕೊಂಡು ನನ್ನ ಹತ್ತಿರ ಬರುತ್ತಾರೆ. ನಿಮ್ಮ ಬೀದಿಯಲ್ಲಿ ಏನು ನಡೀತಿದೆ ಅದನ್ನು ಹಾಡ್ರಪ್ಪಾ ಅನ್ನುತ್ತೇನೆ. ಹಾಗೆಯೇ, ಲೋಕೇಶ್ ಬರೆದದ್ದನ್ನೂ ಓದಿಸಬೇಕು. ಹಾಡು ಅಪ್‌ಲೋಡ್ ಮಾಡುವ ಮುಂಚೆ ಯಾರ ಹೆಸರಲ್ಲಿ ಹಕ್ಕು ಇದೆ ಅಂತ ಕೇಳುವವರೇ ಇಲ್ಲ.

ಲೆಕ್ಕದ_ಲೋಕೇಶ:
ಸಹಿ ಹಾಕುವ ಮುಂಚೆ ನಿಮ್ಮದೇ ವಕೀಲರಿಗೆ ತೋರಿಸಿ. ಕಂಪನಿಯವರು ಕರೆದುಕೊಂಡು ಬಂದ ವಕೀಲರಿಗಲ್ಲ. ಕ್ಯೂಬ್ ಮಾಡಿದ್ದು ಅಷ್ಟೇ.

ಬೀಟ್_ಬಸವ:
ರ‍್ಯಾಪರ್ ಅಲ್ಲ ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಪ್ರತಿಭೆ ಹುಡುಕುವ ಕಣ್ಣು ಅವನಿಗಿತ್ತು, ಅದನ್ನು ಯಾವತ್ತೂ ಅಲ್ಲಗಳೆದಿಲ್ಲ. ಕ್ಲೀವ್‌ಲ್ಯಾಂಡ್‌ನಿಂದ ಬಸ್ಸು ಹತ್ತಿ ಬಂದ ಬೋನ್ ಥಗ್ಸ್ ಹುಡುಗರ ಹಾಡನ್ನು ಫೋನಿನಲ್ಲೇ ಕೇಳಿ ಮನಸ್ಸು ಮಾಡಿದವನು. ಅವರು ಆಮೇಲೆ ಅವನನ್ನು ನೆನೆದು ಹಾಡಿದ 'ಕ್ರಾಸ್‌ರೋಡ್ಸ್' 1996ರಲ್ಲಿ ಮೊದಲ ಸ್ಥಾನಕ್ಕೆ ಹೋಗಿ ಗ್ರ್ಯಾಮಿ ಗೆದ್ದಿತು. ಬ್ಲ್ಯಾಕ್ ಐಡ್ ಪೀಸ್‌ನ ವಿಲ್-ಐ-ಆಮ್‌ಗೆ ಮೊದಲ ಕಾಂಟ್ರ್ಯಾಕ್ಟ್ ಕೊಟ್ಟದ್ದೂ ಇವನೇ.

ಟೊರೆನ್ಸ್_ಕನ್ನಡಿಗ:
2023ರಲ್ಲಿ ಕಾಂಪ್ಟನ್‌ನ ಒಂದು ರಸ್ತೆಗೆ ಅವನ ಹೆಸರಿಟ್ಟರು, ಈಜಿ ಸ್ಟ್ರೀಟ್ ಅಂತ. ಈ ಕಡೆ ಬಂದರೆ ಹೇಳಿ, ಕರೆದುಕೊಂಡು ಹೋಗುತ್ತೇನೆ.

ಕಿರಣ್_ವಿಜಯನಗರ:
ಎಲ್ಲರಿಗೂ ಧನ್ಯವಾದ. ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ನನ್ನ ತಮ್ಮ ಕೇಳುತ್ತಿದ್ದಾನೆ, ಪಿಯುಸಿ ಓದುವ ಹುಡುಗ.

ರೇಣುಕಾ_ಮೈಸೂರು:
ಪಿಯುಸಿ ಹುಡುಗನಿಗೆ ಪೂರ್ತಿ ಆಲ್ಬಮ್ ಕೊಡಬೇಡಿ. ಕೊಟ್ಟರೆ ಶಾಲಿನಿ ಬರೆದದ್ದನ್ನೂ ಓದಲು ಹೇಳಿ.

ದಾವಣಗೆರೆ_ಡಿಜೆ:
ಮೊದಲು 'ಸೂಪರ್‌ಸಾನಿಕ್', ಆಮೇಲೆ 'ಬಾಯ್ಸ್ ಇನ್ ದ ಹುಡ್', ಆಮೇಲೆ 1988ರ ಎನ್‌ಡಬ್ಲ್ಯುಎ ಆಲ್ಬಮ್‌ನ ಮೊದಲ ಮೂರು ಹಾಡು. ಕೊನೆಗೆ 'ಕ್ರಾಸ್‌ರೋಡ್ಸ್'. ಫೋನ್ ಸ್ಪೀಕರ್‌ನಲ್ಲಿ ಬೇಡ, ಬೇಸ್ ಕೇಳಿಸುವುದಿಲ್ಲ.

ಬೀಟ್_ಬಸವ:
ರೆನ್ ಒಬ್ಬನೇ ಹಾಡಿದ್ದು ಒಂದಾದರೂ ಸೇರಿಸಿ ಅಣ್ಣಾ.